ಊಟದ ಹೊತ್ತಿಗೆ ಯಾರು?

‘ಮುಂದಿನ ವಾರ ಥಾಯ್ಲೆಂಡಿಗೆ ಹೋಗ್ತಿದೀನಿ ಕಣವ್ವ, ಸಾಕ್ಷಿ ಹೇಳೋಕೆ’ ಎಂದೆ.

ರಾಗಿ ಕೇರುತ್ತಿದ್ದ ಅವ್ವ ಮೊರ ಕೆಳಗಿಟ್ಟಳು. ‘ಯಾವ್ ಕೇಸು? ನೀವ್ಯಾಕೆ ಅದ್ರಲ್ಲಿ ಸಿಕ್ಕಾಕ್ಕೊಂಡ್ರಿ? ತುಮ್ಕೂರಲ್ಲಿ ಕೋರ್ಟಿಲ್ವಾ?’

ನಗಬೇಡಿ. ನಮ್ಮ ಬೆಳ್ಳಾವಿ ಕಡೆ ಸಾಕ್ಷಿ ಎಂದರೆ ಜಮೀನು ವ್ಯಾಜ್ಯ, ಕರಿ ಕೋಟು, ವಾಯಿದೆ. ಚರ್ಚಿನ ಕನ್ನಡದಲ್ಲಿ ಅದರ ಅರ್ಥ ಬೇರೆ. ದೇವರು ನನ್ನ ಬದುಕಿನಲ್ಲಿ ಏನು ಮಾಡಿದ ಎಂದು ನಾಲ್ಕು ಜನರೆದುರು ಹೇಳುವುದು. ನಮ್ಮ ಮನೆಯಲ್ಲಿ ಚರ್ಚಿಗೆ ಹೋಗುವವಳು ನಾನೊಬ್ಬಳೇ. ಗುಬ್ಬಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುವಾಗ ರೂಮ್‌ಮೇಟ್ ಜೊತೆ ಒಂದು ಭಾನುವಾರ ಹೋದೆ. ಆಮೇಲೆ ಬಿಡಲಿಲ್ಲ. ಹಾಗಾಗಿ ಅವ್ವನಿಗೆ ಆ ಕನ್ನಡ ಗೊತ್ತಿಲ್ಲ.

ಹೋದದ್ದು ಆರು ಜನ, ಎಂಟು ದಿನಕ್ಕೆ. ಲೀಡರ್ ಕುಣಿಗಲ್‌ನ ಸಾಮುವೇಲ್ ಮೇಷ್ಟ್ರು, ರಿಟೈರ್ ಆದರೂ ಬೆತ್ತ ಕೆಳಗಿಡದ ಜಾತಿ. ಅವರ ಮನೆಯ ಜಗಲಿಯಲ್ಲಿ ರಿಹರ್ಸಲ್. ಒಬ್ಬೊಬ್ಬರಿಗೆ ಮೂರೇ ನಿಮಿಷ. ನಾನು ಮಾತು ಶುರು ಮಾಡಿದರೆ ಮೇಷ್ಟ್ರ ಕಣ್ಣು ಮೊಬೈಲ್ ಗಡಿಯಾರದ ಮೇಲೆ.

‘ಸಿಸ್ಟರ್, ಎರಡು ನಿಮಿಷ ಆಯ್ತು. ಇನ್ನೂ ನೀವು ಡಿಗ್ರಿ ಪಾಸಾಗೋದ್ರಲ್ಲೇ ಇದೀರಿ. ಯೇಸುಸ್ವಾಮಿ ಯಾವಾಗ ಬರೋದು?’

ಏನು ಮಾಡಲಿ? ನಮ್ಮ ವಂಶದಲ್ಲೇ ಮೊದಲ ಡಿಗ್ರಿ ನನ್ನದು. (ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಬರೆದಿದ್ದೇನೋ. ಇನ್ನೂ ಬರೆಯುತ್ತೇನೆ.) ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಡುಮ್ಕಿ ಹೊಡೆದು, ಇವತ್ತು ತುಮಕೂರಿನ ಕಾಲೇಜೊಂದರಲ್ಲಿ ಪಾಠ ಮಾಡುವವಳು. ಎರಡು ನಿಮಿಷ ಜಾಸ್ತಿಯಾ?

ಉತ್ತರ ಥಾಯ್ಲೆಂಡಿನ ಒಂದು ಊರು. ಕಾಲೇಜಿನ ಪಕ್ಕದ ಚರ್ಚ್ ಹಾಲ್. ಸಂಜೆ ಐದಕ್ಕೆ ‘ಇಂಗ್ಲಿಷ್ ಪ್ರಾಕ್ಟೀಸ್’. ಹುಡುಗ ಹುಡುಗಿಯರು ಬರುವುದು ಇಂಗ್ಲಿಷಿಗೆ, ನಾವು ಹೋಗಿರುವುದು ಯೇಸುವಿನ ವಿಷಯ ಹೇಳಲಿಕ್ಕೆ. ಬಾಗಿಲ ಬೋರ್ಡಿನಲ್ಲಿ ಎರಡನ್ನೂ ಬರೆದು ಹಾಕಿದ್ದರು, ಯಾರಿಗೂ ಮೋಸವಿಲ್ಲ.

ನನ್ನ ಸರದಿ ಬಂತು. ‘ನಮ್ಮ ಮನೆಗೆ ನಾನೇ ಫಸ್ಟ್ ಗ್ರಾಜುಯೇಟ್’ ಎಂದಾಗ ಜೋರು ಚಪ್ಪಾಳೆ. ಯೇಸು ಬಂದಾಗ ಮರ್ಯಾದೆಯಿಂದ ಕೇಳಿಸಿಕೊಂಡರು, ಅಷ್ಟೇ. ಮೇಷ್ಟ್ರು ನನ್ನ ಕಡೆ ನೋಡಿದ ನೋಟ ಬೇಡ ಬಿಡಿ.

ಎಲ್ಲರೂ ಹೋದ ಮೇಲೆ ಒಬ್ಬಳು ಕುರ್ಚಿ ಜೋಡಿಸುತ್ತಾ ಉಳಿದಳು. ಹೆಸರು ನೋಯ್. ಬೆಟ್ಟದ ಮೇಲಿನ ಹಳ್ಳಿಯವಳು, ಅಜ್ಜಿ ಸಾಕಿದ ಹುಡುಗಿ. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ನನ್ನನ್ನು ‘ಫೀ’ ಎಂದು ಕರೆದಳು. (ಮೊದಲ ದಿನ ಯಾವುದೋ ಫೀಸು ಕೇಳುತ್ತಿದ್ದಾರೆ ಎಂದುಕೊಂಡಿದ್ದೆ. ಅವರಲ್ಲಿ ಹಾಗೆಂದರೆ ಅಕ್ಕ.)

‘ಫೀ, ನೀವು ಓದಿ ದೊಡ್ಡವರಾದಿರಿ. ಈಗ ಮನೆಯಲ್ಲಿ ಊಟಕ್ಕೆ ಕೂತಾಗ ನಿಮ್ಮ ಜೊತೆ ಯಾರು ಮಾತಾಡ್ತಾರೆ?’ ಮುರುಕು ಇಂಗ್ಲಿಷಿನಲ್ಲಿ ಕೇಳಿದಳು.

ರಿಹರ್ಸಲ್‌ನಲ್ಲಿ ಬಂದ ಪ್ರಶ್ನೆಯಲ್ಲ. ಆದರೂ ಉತ್ತರ ತಾನಾಗಿ ಬಂತು. ‘ಯೇಸು ಯಾವಾಗಲೂ ನನ್ನ ಜೊತೆ ಇರ್ತಾರೆ.’

ನೋಯ್ ಅಲ್ಲ ಎಂದು ತಲೆಯಾಡಿಸಿದಳು. ‘ನಾಟ್ ಜೀಸಸ್, ಫೀ. ರೈಸ್ ಟೈಮ್.’

ಅಷ್ಟರಲ್ಲಿ ಹೊರಗಿಂದ ಮೇಷ್ಟ್ರು, ‘ಸಿಸ್ಟರ್, ವ್ಯಾನ್ ಬಂತು, ಬೇಗ!’ ನಾನು ಅವಳ ಕೈಗೆ ಯೇಸುವಿನ ಕತೆಯ ಒಂದು ಪುಟ್ಟ ಪುಸ್ತಕ ಕೊಟ್ಟೆ, ನಂಬರ್ ಬರೆದುಕೊಟ್ಟೆ, ಓಡಿ ಹೋಗಿ ವ್ಯಾನ್ ಹತ್ತಿದೆ. ತಪ್ಪಿಸಿಕೊಂಡೆ ಎಂದರೂ ಸರಿಯೇ.

ಯೇಸು ಜೊತೆಗಿದ್ದಾನೆ ಎನ್ನುವುದು ಸುಳ್ಳಲ್ಲ. ಅದನ್ನು ನಾನು ನಂಬುತ್ತೇನೆ, ಅದರ ಮೇಲೇ ಬದುಕುತ್ತಿದ್ದೇನೆ. ಆದರೆ ಆ ಹುಡುಗಿ ಕೇಳಿದ್ದು ಅದನ್ನಲ್ಲವಲ್ಲ?

ತುಮಕೂರಿಗೆ ವಾಪಸ್ ಬಂದ ಮೊದಲ ಭಾನುವಾರ ಮೇಷ್ಟ್ರು ಚರ್ಚಿನಲ್ಲಿ ರಿಪೋರ್ಟ್ ಓದಿದರು. ಎಷ್ಟು ಜನ ಬಂದರು, ಎಷ್ಟು ಪುಸ್ತಕ ಕೊಟ್ಟೆವು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಮಧ್ಯಾಹ್ನ ರೂಮಿಗೆ ಬಂದು, ಕುಕ್ಕರ್ ಮುಚ್ಚಳ ತೆಗೆದು, ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತರೆ ಫೋನಿನಲ್ಲಿ ಮೆಸೇಜ್. ‘ಫೀ, ನೀವು ಉತ್ತರ ಕೊಡಲಿಲ್ಲ.’

ಈಗ ಕೊಡುತ್ತೇನೆ, ನಿಮಗೂ ಸೇರಿಸಿ.

ನಾನು ಚರ್ಚಿಗೆ ಹೋಗುತ್ತೇನೆ ಎಂದಾಗ ಅವ್ವ ರಂಪ ಮಾಡಿದ್ದಳು. ‘ಏನ್ಲೇ, ನಮ್ ದೇವ್ರು ನಿಂಗೇನ್ ಕಡಿಮೆ ಮಾಡಿತ್ತು?’ ಅಂತ ಮೂರು ದಿನ ಬೈದಳು. ನಾಲ್ಕನೇ ದಿನ ‘ಉಣ್ಣು ಬಾರೇ, ಹೊಟ್ಟೆ ಮೇಲ್ಯಾಕೆ ಸಿಟ್ಟು’ ಎಂದು ಕರೆದು ಮುದ್ದೆ ಇಟ್ಟಳು. ದೇವರು ನಮ್ಮಿಬ್ಬರ ನಡುವೆ ಬರಲಿಲ್ಲ. ದೂರ ಮಾಡಿದ್ದು ನನ್ನ ನೌಕರಿ.

ಕೆಲಸದ ಆರ್ಡರ್ ಹಿಡಿದು ಊರಿಗೆ ಹೋದ ದಿನ, ನೆಂಟರೆಲ್ಲ ಕೂತಿದ್ದಾಗ ಅವ್ವ ‘ಬನ್ನಿ ಮೇಡಮ್ಮಾರೆ’ ಎಂದಳು. ಹೆಮ್ಮೆಗೆ ಅಂದದ್ದು. ಎಲ್ಲರೂ ನಕ್ಕರು. ನಿಜ ಹೇಳಲಾ? ನನಗೂ ಹಿಗ್ಗು. ಅವತ್ತೇ ‘ಸಾಕು ಸುಮ್ನಿರವ್ವ’ ಎಂದಿದ್ದರೆ ಮುಗಿಯುತ್ತಿತ್ತು. ಎನ್ನಲಿಲ್ಲ. ಅದರ ಮೇಲೆ ಅವಳು ‘ಇಸ್ಕೂಲು’ ಎಂದಾಗ ತಿದ್ದಿದೆ. ‘ಆಸ್ಪತ್ರೆ ಅನ್ನವ್ವ, ಆಸ್ಪತ್ರಿ ಅಲ್ಲ’ ಎಂದೆ. ಅವ್ವ ನನ್ನ ಮುಂದೆ ಮಾತನ್ನು ಅಳೆಯತೊಡಗಿದಳು. ತಮಾಷೆಯ ‘ಬನ್ನಿ’ ನಿಜವಾದ ‘ಬನ್ನಿ’ ಆಯಿತು. ತಮ್ಮನೂ ಅದನ್ನೇ ಹಿಡಿದ. ಈಗ ನಾನು ಹೋದರೆ ಕುರ್ಚಿ ಒರೆಸಿ ಹಾಕುತ್ತಾರೆ. ನನಗೆ ಮೊದಲು ಬಡಿಸಿ, ಅವರು ಒಳಗೆ ಒಲೆ ಮುಂದೆ ಕೂತು ಉಣ್ಣುತ್ತಾರೆ. ಅಲ್ಲಿ ನಗು ಕೇಳುತ್ತದೆ. ‘ಏನದು?’ ಎಂದು ನಾನು ಎದ್ದು ಹೋದರೆ ನಿಂತು ಹೋಗುತ್ತದೆ.

ಹೆತ್ತವಳ ಬಾಯಲ್ಲಿ ನೀನು ಹೋಗಿ ನೀವು ಆಗುವುದಕ್ಕೆ ಪ್ರಮೋಷನ್ ಎನ್ನುತ್ತಾರಾ?

ನೋಯ್‌ಗೆ ಬರೆದೆ: ‘ಯಾರೂ ಇಲ್ಲ. ಅಮ್ಮನೂ ನನ್ನನ್ನು ಮೇಡಂ ಅಂತಾಳೆ.’

ತಕ್ಷಣ ಬಂತು: ‘ನನಗೂ ಹಾಗೇ ಆಗುತ್ತಿದೆ. ಅಜ್ಜಿ ನನ್ನ ಜೊತೆ ಟೀಚರ್ ಹತ್ತಿರ ಮಾತಾಡಿದ ಹಾಗೆ ಮಾತಾಡ್ತಾಳೆ. ಬೇಡ ಅನ್ನೋಕೆ ಭಯ. ಫೀ, ನೀವು ದೊಡ್ಡವರು. ಹಳೇ ಥರ ಮಾತಾಡು ಅಂತ ನೀವು ಮೊದಲು ನಿಮ್ಮ ಅಮ್ಮನನ್ನು ಕೇಳಿ. ಆಮೇಲೆ ನಾನು ಕೇಳ್ತೀನಿ.’

ನೋಡಿ, ದಾರಿ ತೋರಿಸಲು ವಿಮಾನ ಹತ್ತಿ ಹೋದವಳ ಗತಿ!

ಮೊನ್ನೆ ಹೋದೆ. ಕುರ್ಚಿ ಬಂತು. ನಾನು ಕೂರಲಿಲ್ಲ. ತಟ್ಟೆ ಎತ್ತಿಕೊಂಡು ಸೀದಾ ಅಡಿಗೆಮನೆಗೆ ಹೋಗಿ ಅವ್ವ ಕೂತಿದ್ದ ಚಾಪೆಯ ಮೇಲೇ ಅವಳ ಪಕ್ಕ ಕೂತೆ. ಅವಳು ಗಾಬರಿಯಲ್ಲಿ ಸರಿದು ಜಾಗ ಬಿಟ್ಟಳು. ನನಗೇ ಬಿಟ್ಟಳು, ಪೂರ್ತಿ ಚಾಪೆ.

‘ಅವ್ವಾ, ಒಂದ್ಸಲ ನನ್ನ ಏನ್ಲೇ ಅನ್ನು.’

‘ಯಾಕೆ, ಜ್ವರ ಗಿರ ಬಂದೈತಾ?’

‘ಬಯ್ಯವ್ವ. ಸುಮ್ನೆ. ಮೊದ್ಲು ಬಯ್ತಿದ್ದಂಗೆ.’

ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ತುಟಿ ಒಂದು ಸಲ ಅಲ್ಲಾಡಿತು. ಅಂದೇ ಬಿಡುತ್ತಾಳೆ ಎಂದುಕೊಂಡೆ.

‘ಅಯ್ಯೋ, ಕಾಲೇಜಲ್ಲಿ ಪಾಠ ಹೇಳೋರ್ನ ಹಂಗೆಲ್ಲ ಅನ್ನಾಕಾಯ್ತದಾ? ಬುಡಿ.’

ಬುಡು ಅನ್ನಲಿಲ್ಲ. ಬುಡಿ ಅಂದಳು.

ಅತ್ತ ನೋಯ್ ಕಾಯುತ್ತಿದ್ದಾಳೆ. ಇದನ್ನು ಅವಳಿಗೆ ಇಂಗ್ಲಿಷಿನಲ್ಲಿ ಹೇಗೆ ಬರೆಯಲಿ, ನೀವೇ ಹೇಳಿ?