ಸಿದ್ದಾಚಾರ್ರ ಅಳತೆಗೋಲು

ಲಕ್ಷ್ಮಮ್ಮ, ನಿನ್ನ ಅಪ್ಪನ ಬೆರಳು ತಪ್ಪಿರಲಿಲ್ಲ. ಅಳತೆಗೋಲಿನ ಮೇಲಿನ ಕಚ್ಚನ್ನು ಬದಲಿಸಿದವನು ನಾನು. ಬೇಕೆಂದೇ ಬದಲಿಸಿದೆ — ಹಾಡಹಗಲಿನಲ್ಲಿ, ಅವರು ಮುದ್ದೆ ಉಂಡು ಕೆಲಸದ ಕೊಟ್ಟಿಗೆಯ ಮೂಲೆಯಲ್ಲಿ ಟವೆಲು ಹಾಸಿಕೊಂಡು ಮಲಗಿದ್ದಾಗ, ಅವರ ಉಸಿರಾಟ ನನಗೆ ಕೇಳಿಸುವಷ್ಟು ಹತ್ತಿರದಲ್ಲಿ ಕೂತು.

ಇಷ್ಟು ಬರೆಯಲು ನನಗೆ ಐವತ್ತಾರು ವರ್ಷ ಬೇಕಾಯಿತು. ಉಳಿದದ್ದನ್ನೂ ಬರೆಯುತ್ತೇನೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಸೇರಿಸಿಯೇ ಬರೆಯುತ್ತೇನೆ, ಏಕೆಂದರೆ ಇದನ್ನು ನಿನ್ನ ಮಕ್ಕಳೂ ಓದಬೇಕು. ಅವರು ನನ್ನನ್ನು ‘ದೊಡ್ಡ ಮಾವ’ ಎಂದು ಕರೆದು ಕಾಲಿಗೆ ಬೀಳುತ್ತಾರಲ್ಲ — ಯಾರ ಕಾಲಿಗೆ ಬೀಳುತ್ತಿದ್ದೇವೆ ಎಂಬುದು ಅವರಿಗೆ ತಿಳಿಯಲಿ.

ನಾನು ಚನ್ನರಾಯಪಟ್ಟಣದ ಕಡೆಯ ಒಕ್ಕಲು ಮನೆಯವನು. ನೇಗಿಲು ಬಿಟ್ಟು ಉಳಿ ಹಿಡಿಯುತ್ತೇನೆ ಎಂದಾಗ ನಮ್ಮಪ್ಪ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದ. ದೊಡ್ಡಬಳ್ಳಾಪುರದಲ್ಲಿ ನಿಮ್ಮ ಆಚಾರಿ ಮನೆತನದವರೂ ಒಪ್ಪಲಿಲ್ಲ. ‘ಗೌಡ್ರ ಹುಡ್ಗಂಗೆ ಕಸುಬು ಕಲಿಸಿದ್ರೆ ನಾಳೆ ನಮ್ಮ ಮಕ್ಕಳು ಏನು ತಿನ್ಬೇಕು?’ ಎಂದು ನಿನ್ನ ದೊಡ್ಡಪ್ಪ ಜಗಲಿಯ ಮೇಲೆ ನಿಂತು ಕೂಗಾಡಿದ್ದು ನೆನಪಿದೆ. ನಿನ್ನ ಅಪ್ಪ ನನ್ನ ಕೈಗೆ ಒಂದು ಉಳಿ ಕೊಟ್ಟು, ‘ಮಸೆ’ ಎಂದರು, ಅಷ್ಟೇ.

ಅವರು ಮಾಡುತ್ತಿದ್ದದ್ದು ಬರೀ ಮರಗೆಲಸವಲ್ಲ. ಬಾಗಿಲು, ತೊಟ್ಟಿಲು, ಗಾಡಿಯ ಚಕ್ರ ಮಾಡುವವರು ಊರಿಗೆ ಹತ್ತು ಜನ ಇದ್ದರು. ಆದರೆ ಬರಿಗೋಡೆಯ ಒಂದು ಕೋಣೆಯನ್ನು ಕಾಫಿ ಹೋಟೆಲನ್ನಾಗಿಯೋ ಜವಳಿ ಅಂಗಡಿಯನ್ನಾಗಿಯೋ ಓದುವ ಕೋಣೆಯನ್ನಾಗಿಯೋ ಹೊಂದಿಸಿ ಕೊಡಬೇಕಾದರೆ — ಗಲ್ಲಾ ಎಲ್ಲಿ, ಬೆಂಚು ಎಲ್ಲಿ, ಬೆಳಕು ಯಾರ ಮುಖಕ್ಕೆ ಬೀಳಬೇಕು ಎಂದು ಹೇಳಬೇಕಾದರೆ — ನೆಲಮಂಗಲದಿಂದ ಹೊಸಕೋಟೆಯವರೆಗೂ ಜನ ಸಿದ್ದಾಚಾರ್ರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅವರ ಮೊದಲ ಪಾಠ ಕೂರುವುದು. ಕೋಲು ಹಿಡಿಯುವ ಮೊದಲು ಖಾಲಿ ಕೋಣೆಯಲ್ಲಿ ಒಂದು ದಿನ ಕೂರಬೇಕು. ಯಜಮಾನ ಕೂರುವ ಕಡೆ ಕೂರಬೇಕು, ಗಿರಾಕಿ ಕೂರುವ ಕಡೆ ಕೂರಬೇಕು, ಆಮೇಲೆ ಕಸ ಗುಡಿಸುವವಳ ಹಾಗೆ ಕುಕ್ಕರುಗಾಲಲ್ಲಿ ಕೋಣೆಯುದ್ದಕ್ಕೂ ಹೋಗಬೇಕು. ನೆಲಮಂಗಲದ ಹೋಟೆಲಿನವನು ಬೆಂಚುಗಳೆಲ್ಲ ಒಳಗೇ ಇರಲಿ ಎಂದು ಹಟ ಹಿಡಿದಿದ್ದ. ಆಚಾರ್ರು ಅರ್ಧ ದಿನ ಬೀದಿಯಲ್ಲಿ ಗಾಡಿಯವರ ಪಕ್ಕ ಕೂತು ಬಂದರು. ‘ಸ್ವಾಮಿ, ಗಾಡಿಯೋನು ತನ್ನ ಎತ್ತು ಕಾಣ್ದೆ ಕಾಫಿ ಕುಡಿಯಲ್ಲ. ಒಂದು ಬೆಂಚು ಬೀದಿಗೆ ಮುಖ ಮಾಡಿ ಹಾಕಿ’ ಎಂದರು. ಹಾಕಿದ ಮಾರನೆಯ ದಿನದಿಂದ ಆ ಬೆಂಚಿನಲ್ಲಿ ಜಾಗ ಸಿಗುತ್ತಿರಲಿಲ್ಲ. ನಾನು ಬೆರಗಾಗಿ ನೋಡುತ್ತಿದ್ದೆ. ಬೆರಗಿನ ಜೊತೆಗೆ ಇನ್ನೊಂದೂ ಒಳಗೆ ಬೆಳೆಯುತ್ತಿತ್ತು — ಇದು ನನಗೇಕೆ ಹೊಳೆಯಲಿಲ್ಲ ಎಂಬ ಉರಿ.

ಎರಡನೆಯ ಪಾಠ ಕೋಲು. ಅವರು ಟೇಪು ಮುಟ್ಟುತ್ತಿರಲಿಲ್ಲ. ಒಂದು ಕೆಲಸಕ್ಕೆ ಒಂದು ಕೋಲು. ನೇರವಾದ ಮರದ ಪಟ್ಟಿಯನ್ನು ಕೋಣೆಯೊಳಗೆ ಹಿಡಿದು, ಗೋಡೆಯಿಂದ ಗೋಡೆಗೆ ಎಷ್ಟೋ ಅಲ್ಲಿ ಒಂದು ಕಚ್ಚು, ಕಿಟಕಿಗೆ ಒಂದು, ಬಾಗಿಲಿಗೆ ಒಂದು. ಕೋಲಿನ ಒಂದು ಮುಖ ಅಗಲಕ್ಕೆ, ಇನ್ನೊಂದು ಎತ್ತರಕ್ಕೆ. ಆ ಕೋಲು ಬಸ್ಸಿನ ಮೇಲೆ ಕೊಟ್ಟಿಗೆಗೆ ಬರುತ್ತಿತ್ತು. ಮರವನ್ನೆಲ್ಲ ಅದನ್ನಿಟ್ಟೇ ಕೊಯ್ಯುವುದು, ಕೊಯ್ದದ್ದನ್ನು ಗಾಡಿಯಲ್ಲಿ ಒಯ್ದು ಅಲ್ಲಿ ಜೋಡಿಸುವುದು. ಕೋಲು ಹೇಳಿದ ಮೇಲೆ ಮತ್ತೆ ಯಾರೂ ಅಳೆಯುವಂತಿಲ್ಲ. ಅದು ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ.

ಆ ಪದ್ಧತಿಯೇ ಅವರನ್ನು ಕಾಪಾಡಿತ್ತು. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಅವರ ಎರಡು ಕಣ್ಣಿಗೂ ಪೊರೆ ಬಂತು. ನಿನ್ನ ಅಮ್ಮನಿಗೂ ಪೂರ್ತಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಒಂದು ದಿನ ನನ್ನ ಮುಂಗೈ ಹಿಡಿದು ಹೇಳಿದರು: ‘ಟೇಪು ಓದೋಕೆ ಕಣ್ಣು ಬೇಕು, ಕೋಲಿಗೆ ಬೆರಳು ಸಾಕು. ಆದ್ರೂ ಜನಕ್ಕೆ ಗೊತ್ತಾದ್ರೆ ಕುರುಡನ ಕೈಗೆ ಯಾರೂ ಮರ ಕೊಡಲ್ಲ. ನೀನು ಯಾರ್ಗೂ ಹೇಳ್ಬೇಡ ಕಣಪ್ಪಾ ಪಿಳ್ಳಪ್ಪ.’ ಹೇಳುವುದಿಲ್ಲ ಎಂದು ಆಣೆ ಮಾಡಿದೆ. ಎರಡು ವರ್ಷ ಆಣೆ ಉಳಿಸಿಕೊಂಡೆ. ಬಣ್ಣ ನಾನು ನೋಡುತ್ತಿದ್ದೆ, ಮೂಲೆ ನೆಟ್ಟಗಿದೆಯೇ ಎಂದು ನೋಡಲು ಮೂಲೆಮಟ್ಟ ನಾನು ಹಿಡಿಯುತ್ತಿದ್ದೆ, ಉಳಿದದ್ದೆಲ್ಲ ಅವರ ಬೆರಳು ಮತ್ತು ತಲೆ.

ಹಾಗಿರುವಾಗ ದೇವನಹಳ್ಳಿಯ ಸಾಹುಕಾರರೊಬ್ಬರು ತಮ್ಮ ತಾಯಿಯ ಹೆಸರಿನಲ್ಲಿ ಧರ್ಮಾಸ್ಪತ್ರೆ ಕಟ್ಟಿಸಿದರು. ಮೂರೇ ಕೋಣೆ. ಅದರಲ್ಲಿ ಔಷಧಿ ಕೊಡುವ ಕೋಣೆಯ ಒಳಗೆಲಸ ಎಲ್ಲಕ್ಕಿಂತ ನಾಜೂಕಾದದ್ದು — ಏಳಡಿ ಅಗಲ, ಗೋಡೆಯಿಂದ ಗೋಡೆಗೆ ಒಂದೇ ಹಲಗೆಯ ಕಟ್ಟೆ, ಅದರ ಹಿಂದೆ ಸೀಸೆಗಳಿಗೆ ಐದು ಸಾಲು ಹಲಗೆ. ಯುದ್ಧದ ದಿನಗಳು, ತೇಗ ಎನ್ನುವುದು ಕಣ್ಣಿಗೆ ಕಾಣದಂತಾಗಿತ್ತು. ಸಾಹುಕಾರರು ಯಾರ್‍ಯಾರದೋ ಕೈಕಾಲು ಹಿಡಿದು ಒಂದು ದಿಮ್ಮಿ ತರಿಸಿದ್ದರು. ಇನ್ನೊಂದು ಸಿಗುವ ಹಾಗಿರಲಿಲ್ಲ.

ಈ ಕೆಲಸದ ನಕ್ಷೆಯನ್ನು ನಾನು ಗುಟ್ಟಾಗಿ ಬರೆದಿದ್ದೆ. ಆರು ವರ್ಷ ಕಲಿತಿದ್ದೇನೆ, ಇದೊಂದನ್ನು ನನ್ನ ಹೆಸರಿಗೆ ಬಿಡಲಿ ಎಂದು. ಒಂದು ಬೆಳಿಗ್ಗೆ ಗರಗಸದವರೆಲ್ಲ ಇದ್ದಾಗ ಅದನ್ನು ಅವರಿಗೆ ಓದಿ ಹೇಳಿದೆ. ಕೇಳುತ್ತಾ ಕೇಳುತ್ತಾ ಕೈ ಎತ್ತಿದರು.

‘ಕಟ್ಟೆ ಎಷ್ಟು ಎತ್ತರ ಅಂದೆ?’

‘ಎದೆಮಟ್ಟಕ್ಕೆ, ಆಚಾರ್ರೇ. ಪಟ್ಟಣದಲ್ಲಿ ಹಂಗೇ ಮಾಡ್ತಾರೆ.’

‘ಕಂಕುಳಲ್ಲಿ ಮಗು ಇಟ್ಕೊಂಡು ಬರೋ ತಾಯಿ ಇದ್ದಾಳಲ್ಲಪ್ಪಾ, ಅವಳು ಸೀಸೆ ತಗೊಳ್ವಾಗ ಆ ಮಗೂನ ನಿನ್ನ ತಲೆ ಮೇಲೆ ಇಡ್ತಾಳೇನು?’

ಗರಗಸದವರು ನಕ್ಕರು. ಅವರೂ ನಕ್ಕರು — ಕೆಟ್ಟ ಮನಸ್ಸಿನಿಂದಲ್ಲ. ‘ಇನ್ನೂ ನಿಂಗೆ ಕೂತ್ಕೊಳೋದು ಬಂದಿಲ್ಲ ಕಣೋ’ ಎಂದು ನನ್ನ ಬೆನ್ನು ತಟ್ಟಲು ಕೈ ಚಾಚಿದರು. ನಾನು ಸರಿದುಕೊಂಡೆ. ಅವರ ಕೈ ಗಾಳಿಯಲ್ಲಿ ತಡಕಾಡಿತು. ಹಾಗೆ ತಡಕಾಡಿದ್ದನ್ನು ನೋಡಿ ನನಗೆ ಆದದ್ದು ಕರುಣೆಯಲ್ಲ, ಲಕ್ಷ್ಮಮ್ಮ. ಸಂತೋಷವಾಯಿತು. ಇದನ್ನು ಬರೆಯುವಾಗ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತಿದೆ, ಆದರೆ ಆದದ್ದು ಅದೇ.

ಅವರು ಹೇಳಿದ್ದು ಸರಿಯಾಗಿತ್ತು. ಅದೂ ಗೊತ್ತಿತ್ತು ನನಗೆ. ಗೊತ್ತಿದ್ದರಿಂದಲೇ —

ಅವತ್ತು ಮಧ್ಯಾಹ್ನ ಅವರು ಮಲಗಿದ ಮೇಲೆ ಧರ್ಮಾಸ್ಪತ್ರೆಯ ಕೋಲನ್ನು ತೊಡೆಯ ಮೇಲಿಟ್ಟುಕೊಂಡೆ. ಅಗಲದ ಮುಖದಲ್ಲಿ ಗೋಡೆಯಿಂದ ಗೋಡೆಗೆ ಎಂದು ಅವರೇ ಕೊರೆದ ಕಚ್ಚು. ಅರಗಿಗೆ ಮರದ ಪುಡಿ ಸೇರಿಸಿ ಅದನ್ನು ತುಂಬಿದೆ, ಉಜ್ಜಿ ನುಣುಪು ಮಾಡಿದೆ. ಅಲ್ಲಿಂದ ಮೂರು ಬೆರಳು ಒಳಗೆ ಹೊಸ ಕಚ್ಚು ಕೊರೆದೆ, ಅದರ ಸೀಳಿದ ಅಂಚು ಅವರ ಬೆರಳಿಗೆ ಸಿಗದಂತೆ ಅಲ್ಲಿಗೂ ಅರಗು ಸವರಿದೆ. ಉದ್ದವಾದರೆ ಕೊಯ್ದು ಸರಿಮಾಡಬಹುದು, ಗಿಡ್ಡವಾದ ಮರಕ್ಕೆ ಮದ್ದಿಲ್ಲ ಎಂಬುದನ್ನೂ ಅವರೇ ಕಲಿಸಿದ್ದರು. ಗುರುವಿಗೇ ತಿರುಮಂತ್ರ ಹಾಕುವುದು ಎಂದರೆ ಇದೇ ಇರಬೇಕು. ಎರಡು ದಿನದ ಮೇಲೆ ಅವರು ಕೋಲಿನ ಮೇಲೆ ಬೆರಳಾಡಿಸಿ ತೇಗದ ಹಲಗೆಗಳ ಮೇಲೆ ಗುರುತು ಹಾಕಿದರು. ಗರಗಸ ಓಡಿತು. ನಾನು ಪಕ್ಕದಲ್ಲಿ ನಿಂತು ಹಲಗೆ ಹಿಡಿದುಕೊಂಡಿದ್ದೆ.

ದೇವನಹಳ್ಳಿಯಲ್ಲಿ ಜೋಡಿಸುವ ದಿನ ಸಾಹುಕಾರರು, ಡಾಕ್ಟರು, ಊರಿನ ಹಿರಿಯರು ಎಲ್ಲ ಬಂದು ನಿಂತಿದ್ದರು. ಇಬ್ಬರು ಕಟ್ಟೆಯ ಹಲಗೆಯನ್ನು ಎತ್ತಿ ಎರಡೂ ಗೋಡೆಗಳಿಂದ ಒಂದೆರಡು ಬೆರಳಷ್ಟೇ ಹೊರಚಾಚಿದ್ದ ಅಂಚಿನ ಮೇಲೆ ಇಡಲು ಹೋದರು. ಒಂದು ತುದಿ ಕೂತಿತು, ಇನ್ನೊಂದು ತುದಿ ಜಾರಿ ದಡಾರನೆ ಬಿತ್ತು. ಸೀಸೆಯ ಹಲಗೆಯೊಂದನ್ನು ಇಟ್ಟು ನೋಡಿದರು. ಅದೂ ಬಿತ್ತು. ಯಾರೋ ಕಿಸಕ್ಕೆಂದರು. ನಿನ್ನ ಅಪ್ಪ ಬಿದ್ದ ಹಲಗೆಯ ಪಕ್ಕ ಮಂಡಿಯೂರಿ, ಗೋಡೆ ಮುಟ್ಟಿ, ಹಲಗೆಯ ತುದಿ ಮುಟ್ಟಿ, ಮತ್ತೆ ಗೋಡೆ ಮುಟ್ಟಿ — ನಡುವಿನ ಸಂದಿನಲ್ಲಿ ಅವರ ಮೂರು ಬೆರಳು ಸರಿಯಾಗಿ ಕೂತವು.

‘ಏನ್ರೀ ಆಚಾರ್ರೇ ಇದು? ಇನ್ನೊಂದು ದಿಮ್ಮಿ ಎಲ್ಲಿಂದ ತರ್ಲಿ ನಾನು?’ ಎಂದರು ಸಾಹುಕಾರರು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು ನಾನು. ನಿಲ್ಲಿಸಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, ತುಂಬ ನೊಂದವನ ದನಿಯಲ್ಲಿ ಹೇಳಿದೆ: ‘ಅವರನ್ನ ಬೈಬೇಡಿ ಸ್ವಾಮಿ. ಆಚಾರ್ರಿಗೆ ಕಣ್ಣು ಕಾಣ್ಸಲ್ಲ. ಎರಡು ವರ್ಷ ಆಯ್ತು.’

ನಿನ್ನ ಅಪ್ಪ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಸಣ್ಣಗೆ, ನನಗೊಬ್ಬನಿಗೇ ಕೇಳುವಂತೆ ಕೇಳಿದರು: ‘ನನ್ನ ಬೆರಳು ತಪ್ಪಾಯ್ತೇನಪ್ಪಾ ಪಿಳ್ಳಪ್ಪ? ನಿಜ ಹೇಳು.’

‘ಹೌದು ಆಚಾರ್ರೇ, ತಪ್ಪಾಯ್ತು’ ಎಂದೆ.

ಆಮೇಲೆ ಮುಂದೆ ಬಂದು, ಎರಡು ತುದಿಗೂ ಹಲಸಿನ ಕಂಬ ಕೊಟ್ಟು ಹಲಗೆಗಳನ್ನು ಅದರ ಮೇಲೆ ಕೂರಿಸೋಣ, ಸಂದಿಗೆ ಪಟ್ಟಿ ಹೊಡೆಯೋಣ ಎಂದೆ. ಡಾಕ್ಟರು ಭೇಷ್ ಎಂದರು. ಆ ಯುಕ್ತಿ ಆ ಕ್ಷಣಕ್ಕೆ ಹೊಳೆದದ್ದಲ್ಲ, ಕಂಬಗಳನ್ನು ವಾರದ ಮುಂಚೆಯೇ ಕೊಯ್ದು ಗಾಡಿಯಲ್ಲಿ ಹುಲ್ಲಿನ ಕೆಳಗೆ ಇಟ್ಟು ತಂದಿದ್ದೆ. ಗಾಯ ಮಾಡುವ ಮೊದಲೇ ಮುಲಾಮು ಅರೆದಿಟ್ಟುಕೊಂಡಿದ್ದೆ. ಕಟ್ಟೆಯನ್ನು ಮಾತ್ರ ಅವರು ಹೇಳಿದ ಎತ್ತರಕ್ಕೇ ಕೂರಿಸಿದೆ. ತಾಯಂದಿರು ಕಂಕುಳ ಕೂಸನ್ನು ಅದರ ಅಂಚಿಗೆ ಆನಿಸಿಕೊಂಡು ಸೀಸೆ ತೆಗೆದುಕೊಳ್ಳುವುದನ್ನು ನೋಡಿ ಜನ ನನ್ನ ಜಾಣತನವನ್ನು ಹೊಗಳಿದರು.

ಆಮೇಲಿನದು ನಿನಗೆ ಗೊತ್ತು. ನಿಮ್ಮ ಕೊಟ್ಟಿಗೆಗೆ ಒಬ್ಬರೂ ಬರಲಿಲ್ಲ. ನೀನು ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟು ಮಗ್ಗದ ಮನೆಗೆ ನೂಲು ಸುತ್ತಲು ಹೋದೆ. ನಾನು ಬೀದಿಯ ಆಚೆ ಬದಿಗೆ ನನ್ನ ಹೆಸರಿನ ಹಲಗೆ ನೇತುಹಾಕಿದೆ. ಹೊಸಕೋಟೆಯ ಓದುವ ಕೋಣೆ, ಮೂರು ಹೋಟೆಲು, ಒಂದು ಸೊಸೈಟಿ — ಎಲ್ಲ ನನ್ನವೇ. ಸಾಲದ್ದಕ್ಕೆ, ನನ್ನ ಅಂಗಡಿಯಲ್ಲಿ ಮಾಡಿದ ಕುರ್ಚಿಗಳಿಗೆ ಬೆತ್ತ ಹೆಣೆಯುವ ಕೆಲಸವನ್ನು ನಿನ್ನ ಅಪ್ಪನಿಗೆ ಕೊಟ್ಟೆ. ಆರು ವರ್ಷ ನಿಮ್ಮ ಜಗಲಿಯ ಮೇಲೆ ಕೂತು ಹೆಣೆದರು. ‘ಗುರುವನ್ನ ಸಾಕ್ತಾ ಇದ್ದಾನೆ, ಇಂಥ ಶಿಷ್ಯ ಎಲ್ಲಿ ಸಿಗ್ತಾನೆ’ ಎಂದು ಊರು ಹೇಳಿತು. ನಿನ್ನ ಅಮ್ಮ ಹಬ್ಬ ಹಬ್ಬಕ್ಕೂ ನನಗೆ ಒಬ್ಬಟ್ಟು ಕಳಿಸಿದರು. ತಿಂದೆ. ಒಂದೂ ಗಂಟಲಲ್ಲಿ ಸಿಕ್ಕಲಿಲ್ಲ, ಸುಳ್ಳೇಕೆ ಹೇಳಲಿ.

ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಕರೆದೊಯ್ಯುತ್ತೇನೆ ಎಂದು ಒಮ್ಮೆ ನಾನೇ ಹೇಳಿದೆ, ನಾಲ್ಕು ಜನ ಕೇಳಲಿ ಎಂದು. ‘ಬೆರಳೇ ಸುಳ್ಳು ಹೇಳಿದ ಮೇಲೆ ಕಣ್ಣು ತಗೊಂಡು ಏನು ಮಾಡ್ಲಪ್ಪಾ’ ಎಂದು ಹೆಣಿಗೆಗೆ ತಲೆ ಬಗ್ಗಿಸಿದರು. ಮತ್ತೆ ಒತ್ತಾಯ ಮಾಡಲಿಲ್ಲ. ಕಣ್ಣು ಬಂದರೆ ಕೋಲನ್ನು ನೋಡುತ್ತಾರೆ ಎಂಬ ಭಯವಿತ್ತು ನನಗೆ. ಆ ಕೋಲು ಧರ್ಮಾಸ್ಪತ್ರೆಯಿಂದ ಬಂದಾಗಿನಿಂದ ಜಗಲಿಯಲ್ಲಿ ಅವರ ಮಗ್ಗುಲಲ್ಲೇ ಬಿದ್ದಿರುತ್ತಿತ್ತು.

ಅವರು ತೀರಿಕೊಂಡ ಹದಿಮೂರನೆಯ ದಿನ ನೀನು ಕೋಲನ್ನು ಹೊತ್ತುಕೊಂಡು ನನ್ನ ಅಂಗಡಿಗೆ ಬಂದೆ. ‘ಅಣ್ಣಾ, ಇದನ್ನ ಪಿಳ್ಳಪ್ಪನ ಕೈಗೇ ಕೊಡ್ಬೇಕು, ಬೇರೆ ಯಾರ್ಗೂ ತೋರಿಸ್ಬೇಡ ಅಂದಿದ್ರು ಅಪ್ಪ’ ಎಂದು ಅಳುತ್ತಾ ಕೊಟ್ಟೆ. ನೀನು ಹೋದ ಮೇಲೆ ಬಾಗಿಲು ಹಾಕಿಕೊಂಡು ಅಗಲದ ಮುಖವನ್ನು ತಿರುಗಿಸಿದೆ.

ನಾನು ತುಂಬಿದ ಅರಗು ಅಲ್ಲಿರಲಿಲ್ಲ. ಬೆತ್ತ ಹೆಣೆಯುವ ದಬ್ಬಳದ ಮೊನೆಯಿಂದ ಅದನ್ನು ಒಂದು ಚೂರೂ ಉಳಿಯದಂತೆ ಕೆರೆದು ತೆಗೆದಿದ್ದರು. ಎರಡು ಕಚ್ಚೂ ಪಕ್ಕಪಕ್ಕದಲ್ಲಿ ಬಾಯಿ ತೆರೆದುಕೊಂಡಿದ್ದವು.

ಯಾವಾಗ ತಿಳಿಯಿತು ಅವರಿಗೆ? ಆ ವಾರವೇ? ಐದನೆಯ ವರ್ಷದಲ್ಲೇ? ‘ಬೆರಳೇ ಸುಳ್ಳು ಹೇಳಿದ ಮೇಲೆ’ ಎಂದಾಗ ತಿಳಿದೇ ಹೇಳಿದರೇ? ತಿಳಿದ ಮೇಲೂ ನನ್ನ ಕುರ್ಚಿಗಳಿಗೆ ಬೆತ್ತ ಹೆಣೆದರು, ನನ್ನನ್ನು ‘ಅಪ್ಪಾ’ ಎಂದರು, ನಿನಗೂ ಹೇಳಲಿಲ್ಲ. ಅದು ಕ್ಷಮೆಯೆಂದು ನನಗೆ ನಾನೇ ಹೇಳಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಕ್ಷಮೆಯಾಗಿದ್ದರೆ ಅರಗನ್ನು ಹಾಗೆಯೇ ಬಿಡುತ್ತಿದ್ದರು.

ಆಗಲೂ ನಾನು ನಿನ್ನ ಮನೆಗೆ ಓಡಿಬರಲಿಲ್ಲ. ಕೋಲನ್ನು ಅಟ್ಟದ ಮೇಲೆ ಹಾಕಿದೆ. ಐವತ್ತು ವರ್ಷ ಅದು ಅಲ್ಲಿತ್ತು, ನಾನು ಅದರ ಕೆಳಗೆ ಉಂಡು ಮಲಗಿದ್ದೆ.

ಬರುವ ಸೋಮವಾರ ಬೆಳಗಿನ ಬಸ್ಸಿಗೆ ಕೋಲನ್ನು ತೆಗೆದುಕೊಂಡು ನಿನ್ನ ಮನೆಗೆ ಬರುತ್ತೇನೆ. ಈ ಕಾಗದ ಅದಕ್ಕೂ ಮೊದಲೇ ನಿನ್ನ ಕೈ ಸೇರಿರುತ್ತದೆ. ನೀನು ಬಾಗಿಲು ತೆಗೆಯದಿದ್ದರೆ ಕೋಲನ್ನು ಗೋಡೆಗೆ ಒರಗಿಸಿ ಹಿಂದಿರುಗುತ್ತೇನೆ. ತೆಗೆದರೆ, ಬೀದಿಯ ಜನರೆಲ್ಲ ಕೇಳುವ ಹಾಗೆ ಅಲ್ಲೇ ನಿಂತು ಇದನ್ನು ಇನ್ನೊಮ್ಮೆ ಹೇಳುತ್ತೇನೆ — ಅವರಿಗೆ ಕಣ್ಣಿಲ್ಲವೆಂದು ಅವತ್ತು ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದ್ದೆನಲ್ಲ.

ಕೋಲಿನ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸು, ಲಕ್ಷ್ಮಮ್ಮ. ಯಾವ ಕಚ್ಚು ಯಾರದೆಂದು ಯಾರೂ ಹೇಳಬೇಕಾಗಿಲ್ಲ. ನೇರವಾಗಿ, ನುಣುಪಾಗಿ, ಒಂದೇ ಏಟಿಗೆ ಕೊರೆದದ್ದು ನಿನ್ನ ಅಪ್ಪನದು. ಮೂರು ಬೆರಳು ಒಳಗೆ, ಅಂಚು ಸೀಳಿರುವುದು ನನ್ನದು.