ಗೌಂಡಿಗೆ ಮಾಡಿದ ಆಯಾರ

ನಮ್ಮ ಕಟ್ಟಡಕ್ಕೆ ಬಣ್ಣ ಬಳಿಯಲು ಬಂದವರು ಇಂದು ಬೆಳಿಗ್ಗೆ ಹಳೆಯ ಬಣ್ಣ ಕೆರೆದು, ಹೊರಗೋಡೆಗೆ ಪೈಪಿನಿಂದ ನೀರು ಹೊಡೆದರು. ಗ್ಯಾಲರಿಯಲ್ಲಿ ಚಹಾ ಕುಡಿಯುತ್ತ ಕೂತವನ ಮೂಗಿಗೆ ನೆನೆದ ಗಿಲಾವಿನ, ಅಂದರೆ ಗೋಡೆಗೆ ಬಳಿದ ಸಿಮೆಂಟು ಗಾರೆಯ, ವಾಸನೆ ಬಂತು. ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆಯನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ನೆನೆದ ಸಿಮೆಂಟಿನ ವಾಸನೆಯನ್ನು ಹೊಗಳಿದವರನ್ನು ನಾನು ಕಂಡಿಲ್ಲ. ನನಗಂತೂ ಅದು ಬಂದರೆ ಒಂದು ಹಳದಿ ಹೆಲ್ಮೆಟ್ಟು, ಅದರ ಮೇಲೊಂದು ದೊಡ್ಡ ಕುಂಕುಮದ ಬೊಟ್ಟು ಕಣ್ಣ ಮುಂದೆ ಬಂದು, ಬಾಯಲ್ಲಿದ್ದ ಚಹಾ ನೆತ್ತಿಗೇರುವಷ್ಟು ನಗು ಬರುತ್ತದೆ.

ಹೇಳುವ ಮೊದಲೇ ನಿಮಗೊಂದು ಎಚ್ಚರಿಕೆ ಕೊಡಬೇಕು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಕಾಲೇಜಿನಲ್ಲಿ ವರ್ಷಗಟ್ಟಲೆ ಇತಿಹಾಸ ಪಾಠ ಮಾಡಿ, ಸಾಕ್ಷಿ ಎಂದರೇನು, ಆಧಾರ ಎಂದರೇನು ಎಂದು ಹುಡುಗರ ತಲೆ ತಿಂದವನು ನಾನು. ಅದಕ್ಕಾಗಿಯೇ ದಿನಚರಿ ಬರೆಯುತ್ತೇನೆ. ಆದರೆ ದಿನಚರಿ ತೆಗೆದು ನೋಡಿದರೆ ಅಲ್ಲಿಯೂ ನನಗೆ ಅನುಕೂಲವಾದದ್ದೇ ಹೆಚ್ಚು ಇರುತ್ತದೆ. ಹೀಗಾಗಿ ಮುಂದೆ ಹೇಳುವುದನ್ನು ನೀವು ಸ್ವಲ್ಪ ಸಡಿಲಾಗಿ ಹಿಡಿದುಕೊಂಡೇ ಕೇಳಬೇಕು.

ಆಗ ಜಮಖಂಡಿಯಲ್ಲಿ ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಸಂಸಾರ ಮಾಡುವ ಪದ್ಧತಿ ಇನ್ನೂ ಸರಿಯಾಗಿ ಬಂದಿರಲಿಲ್ಲ. ಸಂಬಳದ ಮೇಲೆ ಬದುಕುವ ಎಂಟು ಮನೆಯವರು ಕೂಡಿ ಒಂದು ಜಾಗ ಕೊಂಡು, ನಾಲ್ಕು ಅಂತಸ್ತು, ಎಂಟು ಫ್ಲ್ಯಾಟು ಎಂದು ನಿರ್ಧರಿಸಿದೆವು. ನನ್ನ ಸೋದರಮಾವನ ಮನೆಯಿಂದ ಬಂದು ನಮ್ಮ ಜೊತೆಗೇ ಇದ್ದ ಕಾಕು ಮಾತ್ರ ಒಪ್ಪಲಿಲ್ಲ ಎಂದು ಬರೆಯಹೊರಟೆ. ನೋಡಿ, ಇಲ್ಲಿಯೇ ತಪ್ಪಿತು. ಕಾಕು ಬಂದದ್ದು ಸೋದರಮಾವನ ಮನೆಯಿಂದಲ್ಲ. ಅವಳು ನನ್ನ ತಂದೆಯ ತಮ್ಮನ ಹೆಂಡತಿ, ಸಾಂಗ್ಲಿಯ ಕಡೆಯಿಂದ ಬಂದವಳು. ಸಿಟ್ಟು ಬಂದರೆ ಮರಾಠಿ, ಸಮಾಧಾನವಾದರೆ ಕನ್ನಡ. ಅಂದು ಅವಳು ಕನ್ನಡದಲ್ಲಿಯೇ ಕೇಳಿದಳು: "ನನ್ನ ತಲಿ ಮ್ಯಾಲ ಯಾರೋ ಚಟಪಟ ಅಡ್ಡಾಡ್ತಿದ್ರ ನನಗ ಜಪದಾಗ ಮನಸ್ಸು ಹ್ಯಾಂಗ ನಿಲ್ತದೋ?" ಅದಕ್ಕೆ ಇದ್ದದ್ದು ಒಂದೇ ಪರಿಹಾರ. ಎಲ್ಲರಿಗಿಂತ ಮೇಲಿನ ಅಂತಸ್ತು ನಾವು ತೆಗೆದುಕೊಂಡೆವು. ಸಂಘಕ್ಕೆ ನಾನೇ ಸೆಕ್ರೆಟರಿಯಾದೆ. ಆರಿಸಿದ ದಿನ ನಾನು ಸಭೆಗೆ ಹೋಗಿರಲಿಲ್ಲ, ಅದೇ ನನ್ನ ಅರ್ಹತೆ.

ಇಂಜಿನಿಯರ್ ಶೈಲಾ ಬನಹಟ್ಟಿಯ ನೇಕಾರರ ಮನೆಯ ಹುಡುಗಿ. ಇದು ಅವಳ ಸ್ವಂತ ಹೊಣೆಯ ಮೊದಲ ಕಟ್ಟಡ. ಮೊದಲ ಸಭೆಯಲ್ಲಿಯೇ ಆಕೆ ಇದು ಗ್ರೀನ್ ಬಿಲ್ಡಿಂಗ್ ಆಗಬೇಕು ಎಂದಳು. ನಾವು ಗಂಭೀರವಾಗಿ ತಲೆಯಾಡಿಸಿದೆವು, ಯಾರಿಗೂ ಏನೂ ತಿಳಿದಿರಲಿಲ್ಲ. ಆಮೇಲೆ ಆಕೆ ಒಂದೊಂದಾಗಿ ಬಿಡಿಸಿ ಹೇಳಿದಳು. ಬೂದಿಯಿಂದ ಮಾಡಿದ ಇಟ್ಟಿಗೆ. ಗಚ್ಚಿಗೆ, ಅಂದರೆ ತಾರಸಿಗೆ, ಬಿಳಿ ಚೀನಿ ಟೈಲಿನ ಚೂರು ಹಾಸಿದರೆ ಬಿಸಿಲು ಬಂದ ಹಾಗೇ ವಾಪಸ್ಸು ಹೋಗುತ್ತದೆ. ಮಳೆ ನೀರು ಹಿಡಿಯಲು ನೆಲದೊಳಗೆ ಒಂದು ಹೌದು, ದೊಡ್ಡ ತೊಟ್ಟಿ. ಗಾಳಿ ಪಡುವಣದಿಂದ ಬಂದು ಅಡುಗೆಮನೆಯಿಂದ ಹೊರಗೆ ಹೋಗುವಂತೆ ಕಿಟಕಿ. ಸ್ನಾನದ ನೀರು ಸೋಸಿ ಗಿಡಗಳಿಗೆ. ಇಲ್ಲಿ ಕಾಕು ಕೈಯೆತ್ತಿದಳು.

"ಆ ನೀರು ತುಳಸಿಗೂ ಹೋಗ್ತದೇನವಾ?"

"ಎಲ್ಲಾ ಗಿಡಕ್ಕೂ ಹೋಗತೈತ್ರಿ ಕಾಕೂ."

"ಎಂಟು ಮನಿ ಮೈತೊಳದ ನೀರು ತುಳಸಿಗಿ?"

ಶೈಲಾ ನಕ್ಷೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ಮಳೆ ನೀರಿನ ಹೌದಿನಿಂದ ತುಳಸಿಗೇ ಬೇರೆ ಒಂದು ಸಣ್ಣ ಪೈಪು. ಅದು ಇಂದಿಗೂ ಇದೆ. ಅಂದಿನಿಂದ ಕಾಕು ಆ ಹುಡುಗಿಯ ಪಕ್ಷ ಸೇರಿದಳು.

ಬಾಗಿಲುಗಳನ್ನು ಶೈಲಾ ಬೀಳಗಿಯ ಕಡೆಯಿಂದ ತರಿಸಿದಳು. ಅಣೆಕಟ್ಟಿನ ಹಿನ್ನೀರು ಬಂದಾಗ ಊರು ಬಿಟ್ಟವರು ಕಿತ್ತು ತಂದು ಮಾರಿದ ಹಳೆಯ ಸಾಗವಾನಿ ಬಾಗಿಲುಗಳು. ಹೊಸ ಮರ ಕಡಿಯುವುದು ತಪ್ಪಿತು ಎಂದು ಆಕೆಗೆ ಖುಷಿ. ಆದರೆ ಆ ಕಾಲದವರು ಬಗ್ಗಿ ಒಳಗೆ ಹೋಗುತ್ತಿದ್ದರು ಎಂಬುದನ್ನು ನಾವು ಮರೆತಿದ್ದೆವು. ಮನೆ ನೋಡಲು ಬಂದ ಎಂಟೂ ಮನೆಯ ಗಂಡಸರು ಒಬ್ಬರಾದ ಮೇಲೊಬ್ಬರು ಹಣೆ ಬಡಿಸಿಕೊಂಡರು. ಚೌಕಟ್ಟಿಗೆ ಮೇಲೊಂದು ಪಟ್ಟಿ ಸೇರಿಸಿ ಎತ್ತರಿಸುವ ತನಕ, ಆ ಕಟ್ಟಡದಲ್ಲಿ ಹೆಲ್ಮೆಟ್ಟಿನ ಅಗತ್ಯ ನಿಜವಾಗಿ ಇದ್ದದ್ದು ಮಾಲಕರಿಗೆ.

ಹೆಲ್ಮೆಟ್ಟಿನ ವಿಷಯಕ್ಕೆ ಬಂದೆ, ಗೌಂಡಿಯ ಬಗ್ಗೆ ಇನ್ನೂ ಹೇಳಿಯೇ ಇಲ್ಲ. ನಮ್ಮ ಕಡೆ ಗಾರೆ ಕೆಲಸದವನಿಗೆ ಗೌಂಡಿ ಎನ್ನುತ್ತಾರೆ. ಸಿದ್ರಾಮಪ್ಪ ಗೌಂಡಿ ಸಾವಳಗಿಯವನು. ಆಗಲೇ ಅರವತ್ತರ ಹತ್ತಿರ. ಇದೇ ನನ್ನ ಕಡೆಯ ಎತ್ತರದ ಕಟ್ಟಡ, ರಸ್ತೆಯ ಕಡೆಯ ಗೋಡೆಯ ಗಿಲಾವು ನನ್ನ ಕೈಯಿಂದಲೇ ಆಗಬೇಕು, ಆಮೇಲೆ ಊರಿಗೆ ಹೋಗುತ್ತೇನೆ ಎಂದು ಮೊದಲ ದಿನವೇ ಹೇಳಿದ್ದ. ಅವನು ಕರಣಿಯಿಂದ ಗಿಲಾವು ಎಸೆದರೆ ಒಂದು ಹನಿ ಕೆಳಗೆ ಬೀಳುತ್ತಿರಲಿಲ್ಲ. ಕಟ್ಟಡ ಮೂರನೆಯ ಅಂತಸ್ತು ದಾಟಿದ ದಿನ ಶೈಲಾ ಹೆಲ್ಮೆಟ್ಟು, ನಡುವಿಗೆ ಕಟ್ಟುವ ಬೆಲ್ಟು, ಅದರ ಹಗ್ಗ, ಹುಕ್ಕು ತಂದು ಕೊಟ್ಟಳು. ಉಳಿದವರು ನಾಚುತ್ತ ಹಾಕಿಕೊಂಡರು. ಸಿದ್ರಾಮಪ್ಪ ಮುಟ್ಟಲಿಲ್ಲ.

"ಎತ್ತಿಗಿ ಹಗ್ಗಾ ಕಟ್ಟಿದ್ದ ನೋಡೀನ್ರಿ ಬಾಯಾರ, ಗೌಂಡಿಗಿ ಕಟ್ಟಿದ್ದ ನೋಡಿಲ್ಲ."

"ಅಜ್ಜಾರ, ನೀವು ಬೀಳ್ತೀರಿ ಅಂತ ಅಲ್ರಿ. ಬಿದ್ರ ಅಂತ."

"ಇದನ್ನ ಕಟ್ಟಿದ್ರ ಕಾಲಿಂದ ಅಂಜಿಕಿ ಹೋಗತೈತ್ರಿ. ಅಂಜಿಕಿ ಇದ್ದ ಕಾಲ ಜಾರೂದಿಲ್ಲ. ನಲವತ್ತ ವರ್ಷ ಆತು, ಒಮ್ಮಿ ಬಿದ್ದಿಲ್ಲ."

"ಬೆಲ್ಟ್ ಇಲ್ಲಂದ್ರ ನಾಕನೇ ಮಾಳಗಿ ಗಿಲಾವಿಗಿ ಬ್ಯಾರೆ ಮಂದಿನ್ನ ಕರಸ್ತೀನಿ."

ಸಿದ್ರಾಮಪ್ಪ ಕರಣಿ ತೊಳೆದಿಟ್ಟು, ಬೀಡಿ ಹಚ್ಚಿ, ಮರಳಿನ ಗುಂಪಿಯ ಮೇಲೆ ಕೂತ. ಶೈಲಾ ನನ್ನ ಹತ್ತಿರ ಬಂದಳು. "ಅವರು ಹರೇದಾಗ ಬೀಳಲಿಲ್ಲ, ಖರೆ. ಈಗ ಅವರ ಮಣಕಾಲು ಹತ್ತೂವಾಗ ನಡಗ್ತಾವ, ನಾ ನೋಡೀನಿ. ಅವರು ಬಿದ್ರ ನನಗ ಮತ್ತ ಯಾವ ಮನಿ ಕಟ್ಟಾಕೂ ಮನಸ ಬರೂದಿಲ್ರಿ ಸರ್."

ನಾನು ಅವಳಿಗೆ "ನೀ ಹೇಳೋದು ಖರೆ ಅದ" ಎಂದೆ. ಮರಳಿನ ಗುಂಪಿಗೆ ಹೋಗಿ ಅವನಿಗೂ "ನೀವು ಹೇಳೋದೂ ಖರೆ ಅದ" ಎಂದೆ. ಸೆಕ್ರೆಟರಿಯ ಕರ್ತವ್ಯ ಮುಗಿಯಿತು ಎಂದು ಮನೆಗೆ ಬಂದೆ. ಕಾಕು ಎಲ್ಲ ಕೇಳಿಸಿಕೊಂಡು ಹೇಳಿದಳು: "ನೀ ಎರಡೂ ಕಡೆ ಹೂಂ ಅಂದ್ರ ಅಂವಾ ನಡಕ ಬೀಳ್ತಾನ."

ಉಪಾಯ ಹೂಡಿದವಳೂ ಅವಳೇ. ಮೇಲಿನ ಸ್ಲ್ಯಾಬ್ ಹಾಕುವ ದಿನ ಮಾಲಕರು ಗೌಂಡಿಗೆ ಆಯಾರ ಮಾಡುವ ಪದ್ಧತಿ ನಮ್ಮಲ್ಲಿದೆ. ಆಯಾರ ಎಂದರೆ ಬಟ್ಟೆಯ ಉಡುಗೊರೆ. ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಧೋತರ ಕೊಟ್ಟು, ತಲೆಗೆ ಪಟಗ ಸುತ್ತುತ್ತಾರೆ. ಅದನ್ನು ಬೇಡವೆನ್ನುವಂತಿಲ್ಲ. ಕೊಟ್ಟವರ ಎದುರಿಗೇ ತೊಡಬೇಕು. "ಪಟಗದ ಬದಲಿ ಆ ಹಳದಿ ಟೊಪಗಿ, ಧೋತರದ ಬದಲಿ ಬೆಲ್ಟ್. ಹ್ಯಾಂಗ ಒಲ್ಲೆ ಅಂತಾನ ನೋಡೋಣು."

ಹಾಗೆಯೇ ಆಯಿತು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಮಡಿಚಿಟ್ಟ ಬೆಲ್ಟು. ಎಂಟು ಮನೆಯ ಹೆಣ್ಣುಮಕ್ಕಳು ಸರದಿಯಂತೆ ಬಂದು ಹೆಲ್ಮೆಟ್ಟಿಗೆ ಕುಂಕುಮ ಹಚ್ಚಿದರು. ಕಾಕು ತಾನೇ ಅದನ್ನು ಅವನ ತಲೆಗೆ ಇಟ್ಟಳು. ಸಿದ್ರಾಮಪ್ಪ ಒಮ್ಮೆ ಅವಳನ್ನು, ಒಮ್ಮೆ ಶೈಲಾಳನ್ನು ನೋಡಿ, ಸೋತವನಂತೆ ನಕ್ಕು ಕೈಮುಗಿದ. ಹೆಲ್ಮೆಟ್ಟು, ಬೆಲ್ಟು ಹಾಕಿಕೊಂಡೇ ಪಂಕ್ತಿಯಲ್ಲಿ ಕೂತು ಗೋದಿ ಹುಗ್ಗಿ ಮೂರು ಸಲ ನೀಡಿಸಿಕೊಂಡ. ಅಂದು ರಾತ್ರಿ ದಿನಚರಿಯಲ್ಲಿ ಬರೆದಿದ್ದೇನೆ: "ನನ್ನ ಸಂಧಾನ ಫಲಿಸಿತು." ನಾನು ಎಂಥ ಇತಿಹಾಸಕಾರ ಎಂಬುದು ಈಗ ನಿಮಗೆ ತಿಳಿದಿರಬೇಕು.

ಸ್ಲ್ಯಾಬ್ ಗಟ್ಟಿಯಾಗಿ, ಹೊರಗಿನ ಗಿಲಾವು ಶುರುವಾಗುವ ದಿನ ಬಂತು. ಸಿದ್ರಾಮಪ್ಪ ಎಂದಿನ ಟಾವೆಲ್ ತಲೆಗೆ ಸುತ್ತಿಕೊಂಡು, ಬೆಲ್ಟಿಲ್ಲದ ಬರಿನಡುವಿನಲ್ಲಿ ಬಂದ.

"ಆಯಾರ ಎಲ್ರಿ ಅಜ್ಜಾರ?" ಎಂದಳು ಶೈಲಾ.

"ಟ್ರಂಕಿನ್ಯಾಗ ಇಟ್ಟೀನ್ರಿ."

"ಟ್ರಂಕಿನ್ಯಾಗ?"

"ಮತ್ತ? ಆಯಾರ ಮಾಡಿದ್ದನ್ನ ಸಿಮೆಂಟಿನ್ಯಾಗ ಹೊಲಸ ಮಾಡ್ತಾರೇನ್ರಿ? ಮೊಮ್ಮಗಳ ಮದವಿಗಿ ಹಾಕ್ಕೊಳ್ಳಾಕ ಜ್ವಾಕಿಲೆ ಇಟ್ಟೀನಿ."

ಶೈಲಾ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ನಾಲ್ಕನೆಯ ಅಂತಸ್ತಿನ ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈ ಚೀಲದಲ್ಲಿ ಇಟ್ಟುಕೊಂಡಳು. ತಪ್ಪು ನಮ್ಮದೇ. ನಮ್ಮ ಊರುಗಳಲ್ಲಿ ಒಂದು ವಸ್ತುವನ್ನು ಯಾರೂ ಬಳಸಬಾರದು ಎಂದಿದ್ದರೆ ಅದನ್ನು ಆಯಾರವಾಗಿ ಕೊಡಬೇಕು. ಸುದ್ದಿ ಹೇಳಿದಾಗ ಕಾಕು ಎದ್ದು ತನ್ನ ಕಪಾಟು ತೆಗೆದಳು. ಆಯಾರದ ಸೀರೆಗಳು ಮಡಿಕೆ ಬಿಚ್ಚದೆ ಸಾಲಾಗಿದ್ದವು, ಒಂದರ ಅಂಗಡಿಯ ಚೀಟಿಯೂ ಹರಿದಿರಲಿಲ್ಲ. ಅವಳು ಅವನ್ನು ನೋಡಿದಳು, ನನ್ನನ್ನು ನೋಡಿದಳು, ಚಪ್ಪಲಿ ಮೆಟ್ಟಿಕೊಂಡು ಗೌಂಡಿಯ ಬಾಡಿಗೆ ಕೋಣೆಯ ಕಡೆ ನಡೆದಳು.

ಮರುದಿನ ಊಟದ ಹೊತ್ತಿಗೆ ಸಿದ್ರಾಮಪ್ಪನ ಹೆಂಡತಿ ಕಾಶವ್ವ ಬಂದಳು. ಮೊದಲು ಅವಳೂ ಗಂಡನ ಜೊತೆ ಕಲ್ಲು ಹೊತ್ತವಳು. ತಲೆಯ ಮೇಲೆ ರೊಟ್ಟಿಯ ಬುಟ್ಟಿ, ಬಗಲಲ್ಲಿ ಒಂದು ಗಂಟು. ಎಲ್ಲರೆದುರು ಗಂಟು ಬಿಚ್ಚಿ ಬೆಲ್ಟು, ಹೆಲ್ಮೆಟ್ಟು ಅವನ ಮುಂದೆ ಇಟ್ಟಳು.

"ಏನಬೇ ಇದು?"

"ನಿನ್ನ ಆಯಾರ. ಟ್ರಂಕಿನ್ಯಾಗ ನನಗ ಜಾಗಾ ಬೇಕಾಗೇತಿ."

"ಮದವಿಗಿ ಬೇಕು ಅಂದಿಲ್ಲೇನ ನಾ?"

"ಮದವಿಗಿ ನೀ ಬೇಕು. ನೀ ಮ್ಯಾಲಿಂದ ಬಿದ್ದ ಮ್ಯಾಲ ಇದನ್ನ ನಾ ಉಟಗೊಂಡು ಹೋಗ್ಲೇನು?"

ಕೆಲಸದವರೆಲ್ಲ ಮುಖ ತಿರುಗಿಸಿ ನಕ್ಕರು. ಸಿದ್ರಾಮಪ್ಪ ರೊಟ್ಟಿ ಮುಗಿಸಿ, ಕೈ ತೊಳೆದು, ಯಾರ ಮುಖವನ್ನೂ ನೋಡದೆ ಬೆಲ್ಟು ಕಟ್ಟಿಕೊಂಡ. ಶೈಲಾ ಒಂದು ಮಾತೂ ಆಡದೆ ಕೀಲಿ ತೆಗೆದಳು. ಆ ವಯಸ್ಸಿಗೆ ಅಷ್ಟು ಜಾಣತನ ನನಗಿರಲಿಲ್ಲ, ನಾನಾಗಿದ್ದರೆ ಭಾಷಣ ಮಾಡುತ್ತಿದ್ದೆ.

ನಾಲ್ಕೇ ದಿನ. ಗೋಡೆಯ ಹೊರಗೆ ಕಟ್ಟಿದ ಬಿದಿರಿನ ಒಂದು ಗಂಟು ಸಡಿಲಾಗಿ, ಸಿದ್ರಾಮಪ್ಪ ನಿಂತ ಹಲಗೆ ಜಾರಿ ಹೋಯಿತು. ಹಲಗೆ ಕೆಳಗೆ, ಅವನು ಮೇಲೆ. ನಮ್ಮ ಅಡುಗೆಮನೆಯ ಕಿಟಕಿಯ ಮೇಲೆ ಚಾಚಿದ ಛಜ್ಜಾದ ಕೆಳಗೆ, ಬೆಲ್ಟಿನ ಹಗ್ಗಕ್ಕೆ ನಿಧಾನವಾಗಿ ತಿರುಗುತ್ತ ಜೋತುಬಿದ್ದಿದ್ದ. ಕೈಯಲ್ಲಿ ಕರಣಿ ಹಾಗೇ ಇತ್ತು. ಕೆಳಗೆ ಎಲ್ಲರೂ ಓಡಿ ಬಂದು ಕತ್ತೆತ್ತಿ ನೋಡುವಾಗ ಮೇಲಿನಿಂದ ದನಿ ಬಂತು.

"ಬಾಯಾರ, ಈ ಛಜ್ಜಾದ ಬುಡಕ ಗಿಲಾವು ಪೊಳ್ಳ ಐತ್ರಿ. ಬಡದ ನೋಡೀನಿ. ಯಾಂವ ಮಾಡ್ಯಾನ ಇದನ್ನ?"

ಬುಟ್ಟಿ ಹಿಡಿದು ಆಗ ತಾನೇ ಬಂದಿದ್ದ ಕಾಶವ್ವ ಕೆಳಗಿನಿಂದ ಹೇಳಿದಳು: "ನೀನ ಮಾಡೀದಿ, ನಿನ್ನಿ."

ಇಬ್ಬರು ಅವನನ್ನು ಕಿಟಕಿಯಿಂದ ಒಳಗೆ ಎಳೆದುಕೊಂಡರು. ಶೈಲಾ ನಳದ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದಳು. ಬಂದವಳೇ ಎಲ್ಲರನ್ನೂ ಕೆಳಗಿಳಿಸಿ, ಬಿದಿರಿನ ಒಂದೊಂದು ಗಂಟನ್ನೂ ತಾನೇ ಎಳೆದು ನೋಡಿದಳು. ಆಮೇಲೆ ದಿನಾ ಬೆಳಿಗ್ಗೆ ಗಂಟು ನೋಡದೆ ಯಾರನ್ನೂ ಹತ್ತಿಸಲಿಲ್ಲ. ಸಿದ್ರಾಮಪ್ಪ ಆ ಪೊಳ್ಳು ಗಿಲಾವು ಕಿತ್ತು ಮತ್ತೆ ಹಚ್ಚಿದ. ರಸ್ತೆಯ ಕಡೆಯ ಗೋಡೆಯನ್ನು ಪೂರ್ತಿ ತನ್ನ ಕೈಯಿಂದಲೇ ಮುಗಿಸಿ, ಬೆಲ್ಟು ಸಮೇತ ಸಾವಳಗಿಯ ಬಸ್ಸು ಹತ್ತಿದ.

ಈಗ ನನ್ನ ತೊಡಕು ಕೇಳಿ. ಇದೆಲ್ಲ ನಾನು ಕಣ್ಣಾರೆ ಕಂಡದ್ದು. ಅವನ ಒಂದು ಚಪ್ಪಲಿ ಕಳಚಿ ನನ್ನ ಕಾಲ ಹತ್ತಿರವೇ ಮರಳಿನಲ್ಲಿ ಬಿದ್ದದ್ದು ಇಂದಿಗೂ ಕಾಣುತ್ತದೆ. ಆದರೆ ಬೆಳಿಗ್ಗೆ ವಾಸನೆ ಬಂದ ಮೇಲೆ ದಿನಚರಿ ತೆಗೆದು ನೋಡಿದರೆ ಅಲ್ಲಿ ಹೀಗಿದೆ: "ಇಡೀ ದಿನ ಮುಧೋಳದಲ್ಲಿ. ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು ಬಸ್ಸು ತಡ. ಗೌಂಡಿ ಜೋತಾಡಿದನಂತೆ. ಬಾಳೆಹಣ್ಣು ತಂದೆ." ಹಾಗಾದರೆ ಚಪ್ಪಲಿ ಬಿದ್ದದ್ದು ಯಾರ ಕಾಲ ಹತ್ತಿರ? ಇಷ್ಟು ವರ್ಷ ಯಾರ ಕಣ್ಣಿನಿಂದ ನಾನು ಇದನ್ನು ನೋಡುತ್ತ ಬಂದೆ? ಇದನ್ನು ಬಗೆಹರಿಸಿಯೇ ಬಿಡೋಣ ಎಂದು, ಬಣ್ಣದವರು ಚಹಾಕ್ಕೆ ಇಳಿದಾಗ ಸಾವಳಗಿಗೆ ಫೋನು ಹಚ್ಚಿದೆ. ಕಾಶವ್ವ ಎತ್ತಿದಳು.

"ಅವರು ಮ್ಯಾಲ ಅದಾರ್ರಿ ಸರ್. ಗಾಳಿಗಿ ಕೊಟ್ಟಗಿ ಮ್ಯಾಲಿನ ಪತ್ರಾಸ ತಗಡ ಎದ್ದಿತ್ತು, ಕೂಡ್ರಸಾಕತ್ತಾರ."

"ಈ ವಯಸ್ಸಿನ್ಯಾಗ ಮ್ಯಾಲ ಯಾಕ ಹತ್ತಿಸಿದ್ರಿ?"

"ಹೇಳಿದ್ರ ಕೇಳ್ತಾರೇನ್ರಿ? ಬೆಲ್ಟ್ ಕಟ್ಯಾರ. ಬೇವಿನ ಗಿಡಕ್ಕ ಹುಕ್ಕ ಹಾಕ್ಕೊಂಡಾರ. ನಾ ಹೇಳೇನಿ, ಕೊಟ್ಟಗಿ ನನ್ನಷ್ಟ ಎತ್ತರ ಇಲ್ಲ, ಹಗ್ಗಾ ಅದಕ್ಕಿಂತ ಉದ್ದ ಐತಿ, ಬಿದ್ರ ಸೀದಾ ನೆಲಕ್ಕ ಬರ್ತಿ ಅಂತ. ಹಗ್ಗಾ ಗಿಡಕ್ಕ ಎರಡ ಸುತ್ತ ಸುತಗೊಂಡ ಗಿಡ್ಡ ಮಾಡ್ಕೊಂಡ್ರು. ತಡೀರಿ, ಕರೀತೀನಿ."

"ಬ್ಯಾಡ, ಬ್ಯಾಡ. ಗಡಬಡಿ ಮಾಡಿ ಇಳಿಯೋದು ಬ್ಯಾಡ ಅಂತ ಹೇಳ್ರಿ. ನಾ ಕಾಯ್ತೀನಿ."

ದೂರದಲ್ಲಿ ತಗಡಿನ ಮೇಲೆ ಯಾರೋ ಹೆಜ್ಜೆ ಊರುವ ಸದ್ದು ಕೇಳಿತು. "ಸೆಕ್ರೆಟರಿ ಸಾಹೇಬ್ರೇನು? ಹುಕ್ಕ ಬಿಚ್ಚೂತನಕ ತಡೀ ಅನ್ನು" ಎಂಬ ದನಿ ಬಂತು. ಕಾಶವ್ವ ಫೋನನ್ನು ಎಲ್ಲಿಯೋ ಇಟ್ಟಳು. ಒಂದು ಎಮ್ಮೆ ಕೂಗಿತು. ನಿಚ್ಚಣಿಕೆಯ ಮೆಟ್ಟಿಲು ಕಿರ್ರೆಂದಿತು, ತಡೆದು ಮತ್ತೊಂದು, ತಡೆದು ಮತ್ತೊಂದು. ನಾನು ಗ್ಯಾಲರಿಯಲ್ಲಿ ನಿಂತು ಒಂದೊಂದನ್ನೇ ಎಣಿಸಿದೆ. ಅಂದು ನಾನು ಎಲ್ಲಿದ್ದೆ ಎಂದು ಕೇಳುವುದಿತ್ತು. ಆದರೆ ಅವನ ಎರಡೂ ಕಾಲು ನೆಲಕ್ಕೆ ಹತ್ತಿದ ಸದ್ದು ಕೇಳಿದಾಗ ನನ್ನ ಬಾಯಿಂದ ಬಂದ ಮಾತೇ ಬೇರೆ.

"ಇಳಿದ್ರೇನ್ರಿ?" ಎಂದೆ.

"ಇಳದೇನ್ರಿ" ಎಂದ ಸಿದ್ರಾಮಪ್ಪ.