ನೀಲವ್ವನ ಹೆಸರಿಗೊಂದು ಫಾಂಟು

ಸವದತ್ತಿಯ ಸುವರ್ಣಾ ತಾವು ಮಾರುವ ಶೇಂಗಾ ಚಟ್ನಿಯ ಪ್ಯಾಕೆಟ್ಟಿಗೆ ಅತ್ತೆಯ ಹೆಸರನ್ನೇ ಇಡಬೇಕೆಂದಿದ್ದರು. ಊರಿಗೆ ಹೊಸಬನಾದ ಡಿಸೈನರ್ ನಾನು ‘ನೀಲವ್ವ’ ಎಂದು ದಪ್ಪನೆಯ, ದುಂಡನೆಯ ಫಾಂಟಿನಲ್ಲಿ ಬರೆದು, ಮೇಲೆ ಅತ್ತೆಯ ಫೋಟೊ ಕೂರಿಸಿ, ಅವರ ಮನೆಯಲ್ಲೇ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ.

ಸುವರ್ಣಾ ಗಾಬರಿಯಾಗಿ ಪರದೆಗೆ ಸೆರಗು ಅಡ್ಡ ಹಿಡಿದರು. “ಅಯ್ಯ, ಈ ಅಕ್ಷರ ಬ್ಯಾಡ್ರಿ! ನಮ್ಮೂರಾಗ ಶ್ರದ್ಧಾಂಜಲಿ ಬ್ಯಾನರ್ ಎಲ್ಲಾ ಹಿಂಗ ಇರತಾವ್ರಿ. ಅತ್ತಿ ಇನ್ನೂ ಗಟ್ಟಿ ಅದಾರ.”

ಅಕ್ಷರದ ಗುಣವೆಲ್ಲ ಅದರ ಆಕಾರದಲ್ಲಿದೆ ಎಂದು ನಂಬಿದ್ದವನು ನಾನು. ಊರು ಅದನ್ನು ಎಲ್ಲೆಲ್ಲಿ ನೋಡುತ್ತ ಬಂದಿದೆ ಎನ್ನುವುದೂ ಅದಕ್ಕೆ ಅಂಟಿಕೊಂಡಿರುತ್ತದೆಂದು ಹೊಳೆದಿರಲಿಲ್ಲ.

ಅಷ್ಟರಲ್ಲಿ ಶೇಂಗಾ ಹುರಿಯುತ್ತಿದ್ದ ನೀಲವ್ವನೇ ಎದ್ದು ಬಂದು, “ಸೆರಗ ತಗೀ, ನಾನೂ ನೋಡತೇನಿ” ಎಂದರು. ತಮ್ಮ ಹೆಸರನ್ನೂ ಫೋಟೊವನ್ನೂ ಬಹಳ ಹೊತ್ತು ನೋಡಿದರು. ನಾನು ತಪ್ಪಾಯಿತೆಂದು ಅಳಿಸಲು ಹೋದೆ.

“ಅಳಸಬ್ಯಾಡೋ ತಮ್ಮಾ, ಛಲೋ ಬಂದೈತಿ. ಚಟ್ನಿಗೆ ಬ್ಯಾರೆ ಅಕ್ಷರ ಹಾಕು. ಇದನ್ನ ಹಂಗ ಇಟಗೊಂಡಿರು, ಮುಂದ ಬೇಕಾಗತೈತಿ.”

ಚಟ್ನಿಗೆ ಬೇರೆ ಫಾಂಟ್ ಸಿಕ್ಕಿತು. ಆ ಹಳೆಯ ಫೈಲು ಇನ್ನೂ ನನ್ನ ಬಳಿಯಿದೆ. ಕೆಲಸ ತಡಮಾಡುತ್ತೇನೆಂದು ಗಿರಾಕಿಗಳೆಲ್ಲ ನನ್ನನ್ನು ಬೈಯುತ್ತಾರೆ. ಈ ಒಂದು ಕೆಲಸ ಮಾತ್ರ ತಡವಾದಷ್ಟೂ ಒಳ್ಳೆಯದು.